ಗಣಿಯ ಆಳವೂ ಕಡಲಿನ ಆಳವೂ

ಭೂಮಿಯೊಳಗೆ ಮೂರು ಸಾವಿರ ಮೀಟರು ಇಳಿಯುವುದು ದೊಡ್ಡದೋ, ನೀರಿನೊಳಗೆ ಹತ್ತು ಮೀಟರು ಇಳಿಯುವುದು ದೊಡ್ಡದೋ? ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ ಇಂಥ ಪ್ರಶ್ನೆ ಕೇಳಿದವನನ್ನು ಜನ ಅನುಮಾನದಿಂದಲೇ ನೋಡಿಯಾರು. ಅಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು, ಪ್ರಪಂಚದ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿ ನಿಂತಿತ್ತು. ತಳದ ಬಂಡೆ ಕೈಯಿಡಲಾರದಷ್ಟು ಬಿಸಿ. ಮೇಲಿನಿಂದ ತಂಪು ಮಾಡಿದ ಗಾಳಿಯನ್ನು ಕಳುಹಿಸದಿದ್ದರೆ ಅಲ್ಲಿ ಕೆಲಸವೇ ಸಾಗುತ್ತಿರಲಿಲ್ಲ. ಬಂಡೆ ತನ್ನ ಭಾರಕ್ಕೆ ತಾನೇ ಸಿಡಿದಾಗ ಮೇಲಿನ ಮನೆಗಳ ಪಾತ್ರೆಪಡಗಗಳು ಕೂಡ ಅಲುಗುತ್ತಿದ್ದವು. ಇಂಥ ಪಾತಾಳವೆಲ್ಲಿ, ಒಂದು ಸಾಧಾರಣ ಬಾವಿಯಷ್ಟು ನೀರೆಲ್ಲಿ?

ಆದರೆ ಒತ್ತಡದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಗಾಳಿ ಹಗುರವಾದ ವಸ್ತು. ಗಣಿಯ ಬಾಯಿಂದ ತಳದವರೆಗೆ ಇಳಿದರೂ ಮನುಷ್ಯನ ಮೈಮೇಲಿನ ಗಾಳಿಯ ಒತ್ತಡ ಒಂದೂವರೆ ಪಟ್ಟನ್ನು ಮೀರುವುದಿಲ್ಲ. ನೀರು ಭಾರವಾದುದು. ಕಡಲಿನಲ್ಲಿ ಕೇವಲ ಹತ್ತು ಮೀಟರು ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಇಪ್ಪತ್ತು ಮೀಟರಿಗೆ ಮೂರು ಪಟ್ಟು, ಮೂವತ್ತಕ್ಕೆ ನಾಲ್ಕು. ಮುತ್ತಜ್ಜನ ಕಾಲದಿಂದ ಗಣಿಗಿಳಿದ ಮನೆತನದವನೂ ಈ ಒಂದು ವಿಷಯದಲ್ಲಿ ಹೊಸಬನೇ.

ಈ ಲೆಕ್ಕವನ್ನು ಇಂದು ಎತ್ತಲು ಕಾರಣವುಂಟು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನೀರೆತ್ತುವ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಗಣಿಗಾಗಿ ಹಾಕಿದ ಮಾರಿಕುಪ್ಪಂ–ಬಂಗಾರಪೇಟೆ ರೈಲುಮಾರ್ಗವೇ ಈಗ ಮಕ್ಕಳು ಮೊಮ್ಮಕ್ಕಳನ್ನು ಬೆಂಗಳೂರಿನ ಕಚೇರಿಗಳಿಗೆ ಹೊತ್ತೊಯ್ಯುತ್ತಿದೆ. ಬೆಳಕು ಹರಿಯುವ ಮುನ್ನ ರೈಲು ಹತ್ತಿ ಕತ್ತಲಾದ ಮೇಲೆ ಮನೆ ಸೇರುವ ಈ ತರುಣರು ವರುಷಕ್ಕೊಮ್ಮೆ ದೂರದ ಪ್ರವಾಸವನ್ನು ಬಯಸಿದರೆ ಅದರಲ್ಲಿ ತಪ್ಪೇನಿಲ್ಲ. ಬಯಕೆ ಈಚೆಗೆ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ, ಸೈಪ್ರಸ್ ದ್ವೀಪಗಳವರೆಗೂ ಹೋಗಿದೆ. ಅದೂ ದಡದಲ್ಲಿ ನಿಂತು ನೋಡುವುದಕ್ಕಲ್ಲ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲೊಳಗೆ ಇಳಿಯುವುದಕ್ಕೆ.

ಈ ವಿದ್ಯೆಗೆ ಮೆಡಿಟರೇನಿಯನ್ ತವರುಮನೆಯೇ ಸರಿ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು, ಉಸಿರೆಳೆದಾಗ ಮಾತ್ರ ಬೇಕಾದಷ್ಟು ಗಾಳಿಯನ್ನು ಬೇಕಾದ ಒತ್ತಡದಲ್ಲಿ ಕೊಡುವ ಉಪಕರಣವನ್ನು ರೂಪಿಸಿ ಆ ಕಡಲಿನಲ್ಲಿಯೇ ಪರೀಕ್ಷಿಸಿದರು. ಮಾಲ್ಟಾದ ನೀರು ಬಹಳ ತಿಳಿ. ಆಗಸ್ಟಿನಲ್ಲಿ ಸುಮಾರು 26 ಡಿಗ್ರಿ ಬೆಚ್ಚಗಿರುತ್ತದೆ, ಚಳಿಗಾಲದ ಕೊನೆಗೆ 15ಕ್ಕೆ ಇಳಿಯುತ್ತದೆ. ಗೋಜೋ ದ್ವೀಪದ ದಡದಲ್ಲಿ ಕಮಾನಿನಂತೆ ನಿಂತಿದ್ದ ‘ನೀಲಿ ಕಿಟಕಿ’ ಎಂಬ ಬಂಡೆ 2017ರ ಮಾರ್ಚ್ 8ರಂದು ಕುಸಿದುಬಿತ್ತಾದರೂ ಅದರ ಪಕ್ಕದ ನೀಲಿ ಮಡು ಹಾಗೆಯೇ ಇದೆ. ಸೈಪ್ರಸ್‌ನ ಲಾರ್ನಕಾ ಬಳಿ 1980ರಲ್ಲಿ ಮುಳುಗಿದ ಜೆನೋಬಿಯಾ ಎಂಬ ಹಡಗು ಸುಮಾರು 42 ಮೀಟರು ಆಳದಲ್ಲಿ ಮಲಗಿದೆ. ನೋಡಬೇಕಾದುದು ಬೇಕಾದಷ್ಟಿದೆ. ಪ್ರಶ್ನೆಯಿರುವುದು ನೋಡಿ ಮೇಲೆ ಬರುವುದರಲ್ಲಿ.

ರಾಬರ್ಟ್‌ಸನ್‌ಪೇಟೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮೊಮ್ಮಗ ಏಳು ದಿನಗಳ ಪ್ರವಾಸದ ಪಟ್ಟಿಯನ್ನು ತಾತನ ಮುಂದೆ ಹಿಡಿದಿದ್ದಾನೆ. ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕಡಲು, ಸಂಜೆ ಐದಕ್ಕೆ ವಿಮಾನ. ಮೂವತ್ತು ವರುಷ ಗಣಿಗಿಳಿದ ತಾತನಿಗೆ ಮಾಲ್ಟಾ ತಿಳಿಯದು. ಆದರೆ ಇಳಿಯುವ ಕಸುಬು ತಿಳಿದಿದೆ.

“ಇಳಿಯೋದೆಲ್ಲ ಬರೆದಿದ್ದೀಯ. ಮೇಲೆ ಬರೋ ಲೆಕ್ಕ ಎಲ್ಲಪ್ಪ?”

“ಅದಕ್ಕೇನು ತಾತ, ಬಂದ ತಕ್ಷಣ ಬಟ್ಟೆ ಬದಲಾಯಿಸಿ ವಿಮಾನ ನಿಲ್ದಾಣಕ್ಕೆ ಹೊರಟರಾಯಿತು. ಇನ್ನೊಂದು ದಿನ ನಿಂತರೆ ಹೋಟೆಲಿನ ಬಾಡಿಗೆ ಸುಮ್ಮನೆ ದಂಡ.”

“ಗಣೀಲಿ ಆತುರ ಪಟ್ಟೋರನ್ನೆಲ್ಲ ನಾವು ಹೊತ್ತುಕೊಂಡೇ ಮೇಲೆ ತಂದಿದ್ದು. ಒಂದು ಸಲ ಡಾಕ್ಟರನ್ನ ಕೇಳು.”

ತಾತ ಕೇಳಿದ ಪ್ರಶ್ನೆಯೇ ಈ ವಿದ್ಯೆಯ ತಿರುಳು. ಆಳದಲ್ಲಿ ಹೆಚ್ಚಿನ ಒತ್ತಡದ ಗಾಳಿಯನ್ನು ಉಸಿರಾಡಿದಾಗ ಅದರಲ್ಲಿಯ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗಿ ಸೇರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕವೇ ಸದ್ದಿಲ್ಲದೆ ಹೊರಟುಹೋಗುತ್ತದೆ. ಆತುರದಿಂದ ಬಂದರೆ, ಗೋಲಿ ಸೋಡಾದ ಗೋಲಿಯನ್ನು ಒತ್ತಿದ ಕ್ಷಣದಲ್ಲಿ ನೊರೆಯೇಳುವಂತೆ, ಮೈಯೊಳಗೆ ಗುಳ್ಳೆಗಳೇಳುತ್ತವೆ. ಕೀಲುಗಳಲ್ಲಿ ಸಿಕ್ಕಿದರೆ ಸಹಿಸಲಾರದ ನೋವು. ಬೆನ್ನುಹುರಿಯಲ್ಲಿ ಸಿಕ್ಕಿದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು.

ಇದನ್ನು ತಡೆಯುವ ಕ್ರಮವನ್ನು ಲೆಕ್ಕ ಹಾಕಿ ಕೊಟ್ಟವನು ಗಣಿಗಳ ವೈದ್ಯಶಾಸ್ತ್ರದಲ್ಲಿಯೇ ಹೆಸರಾದವನು ಎಂಬುದು ಗಣಿಯೂರಿನವರಿಗೆ ಸಂತೋಷ ತರುವ ಸಂಗತಿ. ಕಲ್ಲಿದ್ದಲ ಗಣಿಯ ವಿಷಾನಿಲವನ್ನು ಪತ್ತೆಹಚ್ಚಲು ಕ್ಯಾನರಿ ಹಕ್ಕಿಯನ್ನು ಒಯ್ಯಿರಿ ಎಂದು ಸಲಹೆ ಕೊಟ್ಟ ಜಾನ್ ಸ್ಕಾಟ್ ಹಾಲ್ಡೇನನೇ, ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದನು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಇವನ ಮಗ. ತಂದೆ ಹಾಕಿಕೊಟ್ಟ ತತ್ತ್ವವೇ ಇಂದಿನ ನಿಯಮಗಳಿಗೂ ಬುನಾದಿ: ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದಿರುವುದು, ಮೇಲ್ಮೈಗೆ 5 ಮೀಟರು ಉಳಿದಾಗ ಮೂರು ನಿಮಿಷ ನಿಲ್ಲುವುದು, ಏನೇ ಆದರೂ ಉಸಿರನ್ನು ಬಿಗಿಹಿಡಿಯದಿರುವುದು. ಹತ್ತು ಮೀಟರು ಆಳದಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಹೊರಬಿಡದಿದ್ದರೆ ಶ್ವಾಸಕೋಶವೇ ಹರಿದೀತು.

ನೀರಿನಿಂದ ಹೊರಬಂದ ಮಾತ್ರಕ್ಕೆ ಈ ಲೆಕ್ಕ ಮುಗಿಯುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆ. ಆದುದರಿಂದ ಒಂದೇ ಸಲ ಮುಳುಗಿದವರು ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಅಂಗೀಕೃತವಾದ ಸಲಹೆ. ಒಂದು ಇಡೀ ದಿನ ಬಿಡುವುದು ಇನ್ನೂ ಒಳ್ಳೆಯದು. ಮೊಮ್ಮಗ ಉಳಿಸಹೊರಟ ಒಂದು ದಿನದ ಬಾಡಿಗೆಯನ್ನು ಅವನ ಕಾಲುಗಳ ಬೆಲೆಯೊಡನೆ ತೂಗಿ ನೋಡಬೇಕು.

ಈ ಮಾತು ವಿಮಾನದವರಿಗೆ ಮಾತ್ರವೆಂದು ತಿಳಿಯುವುದೂ ಸರಿಯಲ್ಲ. ಮಾಲ್ಟಾ ಕೈಗೆಟುಕದೆಂದು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಮುಳುಗಿ ಬರುವ ಕುಟುಂಬಗಳು ಇಂದು ಅನೇಕ. ಎತ್ತರದ ನಿಯಮ ಅನ್ವಯಿಸುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರಿನ ಮೇಲೆ. ಬಂಗಾರಪೇಟೆಯೂ ಚಿನ್ನದ ಗಣಿಗಳ ಊರೂ 800 ಮೀಟರಿಗಿಂತ ಎತ್ತರದಲ್ಲಿವೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ ಅದೇ ಸಂಜೆ ಘಟ್ಟ ಹತ್ತುವ ಬಸ್ಸು ಹಿಡಿದವರು, ತಮಗರಿವಿಲ್ಲದೆಯೇ, ಕಾಯದೆ ವಿಮಾನವೇರಿದವರ ಸಾಲಿಗೆ ಸೇರುತ್ತಾರೆ. ಆ ರಾತ್ರಿ ಕಡಲ ತೀರದಲ್ಲಿಯೇ ತಂಗಿ, ಮರುದಿನ ದೇವರ ದರ್ಶನ ಮಾಡಿ ನಿಧಾನವಾಗಿ ಹೊರಟರೆ ಪುಣ್ಯವೂ ಉಂಟು, ಆರೋಗ್ಯವೂ ಉಂಟು.

ಹಾಗಾದರೆ ಮಾಲ್ಟಾದ ಆಸೆಯುಳ್ಳವರು ಎಲ್ಲಿಂದ ಆರಂಭಿಸಬೇಕು? ಟಿಕೆಟಿನಿಂದಲ್ಲ, ವೈದ್ಯರಿಂದ. ಉಬ್ಬಸ, ಹೃದ್ರೋಗ, ಕಿವಿಯ ತೊಂದರೆ, ಹಿಂದೆ ಬಂದು ಹೋದ ಶ್ವಾಸಕೋಶದ ಕಾಯಿಲೆ, ಇವುಗಳಲ್ಲಿ ಯಾವುದನ್ನೂ ಮರೆಮಾಚಬಾರದು. ಗರ್ಭಿಣಿಯರು ಮುಳುಗಲೇಬಾರದು. ನೆಗಡಿಯಿದ್ದ ದಿನ ಯಾರೂ ಇಳಿಯಬಾರದು. ಮೂಗು ಕಟ್ಟಿದರೆ ಕಿವಿಯೊಳಗಿನ ಒತ್ತಡ ಸಮವಾಗದೆ ತಮಟೆ ಹರಿಯುವ ಅಪಾಯವುಂಟು. ಗಣಿಯ ದೂಳು ಸಿಲಿಕೋಸಿಸ್ ರೂಪದಲ್ಲಿ ಉಸಿರಿಗೇ ಕುತ್ತು ತರುವುದನ್ನು ಕಂಡ ಊರಿನವರಿಗೆ ಶ್ವಾಸಕೋಶದ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಎರಡನೆಯದು ಈಜು, ಮೂರನೆಯದು ಶಿಕ್ಷಣ. 18 ಮೀಟರಿನವರೆಗೆ ಇಳಿಯಲು ಅರ್ಹತೆ ಕೊಡುವ ಮೊದಲ ಹಂತದ ತರಬೇತಿ ಮೂರು ನಾಲ್ಕು ದಿನಗಳದು. ಅದನ್ನು ಮುರುಡೇಶ್ವರ, ಪುದುಚೇರಿ ಅಥವಾ ಅಂಡಮಾನಿನಲ್ಲಿ ಮುಗಿಸಿಕೊಂಡರೆ ಮಾಲ್ಟಾದ ದುಬಾರಿ ದಿನಗಳು ಪಾಠದಲ್ಲಿ ಕಳೆದುಹೋಗವು. ಕಡಲೊಳಗೆ ಹೆದರಿಕೆಯಾಗುವ ಸ್ವಭಾವವಿದ್ದರೆ ಅದೂ ಮನೆಗೆ ಸಮೀಪದಲ್ಲಿಯೇ ಗೊತ್ತಾಗುತ್ತದೆ. ಜೆನೋಬಿಯಾದಂಥ ಆಳದ ಹಡಗುಗಳಿಗೆ ಇನ್ನೂ ಮೇಲಿನ ತರಬೇತಿ ಬೇಕು.

ಕಾಗದಪತ್ರಗಳದು ನಾಲ್ಕನೆಯ ಮಾತು. ಮಾಲ್ಟಾ ಷೆಂಗೆನ್ ಒಕ್ಕೂಟಕ್ಕೆ ಸೇರಿದ ದೇಶ. ವೀಸಾಕ್ಕೆ ಪ್ರಯಾಣದ 6 ತಿಂಗಳಿಗಿಂತ ಮುಂಚೆಯಾಗಲಿ, 15 ದಿನಗಳಿಗಿಂತ ತಡವಾಗಿಯಾಗಲಿ ಅರ್ಜಿ ಹಾಕುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಆ ವಿಮೆಯಲ್ಲಿ ಸ್ಕೂಬಾ ಅಪಘಾತ ಸೇರಿದೆಯೇ, ಎಷ್ಟು ಆಳದವರೆಗೆ ಸೇರಿದೆ ಎಂಬುದನ್ನು ಸಣ್ಣ ಅಕ್ಷರಗಳನ್ನೂ ಬಿಡದೆ ಓದಬೇಕು. ಗುಳ್ಳೆಯ ಕಾಯಿಲೆಗೆ ಒತ್ತಡದ ಕೋಣೆಯಲ್ಲಿ ಕೊಡುವ ಚಿಕಿತ್ಸೆ ಮಾಲ್ಟಾದ ಮೇಟರ್ ಡೇ ಆಸ್ಪತ್ರೆಯಲ್ಲಿದೆ. ಅದರ ವಿಳಾಸ ಜೇಬಿನಲ್ಲಿರಲಿ, ಅಗತ್ಯ ಬೀಳದಿರಲಿ.

ಇನ್ನುಳಿಯಿತು ಒಣಗಿ ಕೂರಬೇಕಾದ ಕೊನೆಯ ದಿನ. ಅದು ದಂಡವೆಂದು ಯಾರೂ ಮರುಗಬೇಕಾಗಿಲ್ಲ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಬೆಳಗಿದ 1902ರಲ್ಲಿಯೇ ಮಾಲ್ಟಾದಲ್ಲಿ ಮನೆ ಕಟ್ಟಲು ನೆಲ ಅಗೆಯುತ್ತಿದ್ದ ಕೆಲಸಗಾರರಿಗೆ ಭೂಗರ್ಭದ ಒಂದು ಅದ್ಭುತ ಸಿಕ್ಕಿತು. ಐದು ಸಾವಿರ ವರುಷಗಳ ಹಿಂದೆ, ಲೋಹದ ಉಳಿಯಿಲ್ಲದ ಕಾಲದಲ್ಲಿ, ಬಂಡೆಯನ್ನು ಕೊರೆದು ಮೂರು ಅಂತಸ್ತಾಗಿ ಮಾಡಿದ ಹಲ್ ಸಫ್ಲೀನಿಯ ನೆಲಮಾಳಿಗೆ ಅದು. ಒಂದು ಹೊತ್ತಿಗೆ ಕೆಲವರನ್ನಷ್ಟೇ ಒಳಬಿಡುವುದರಿಂದ ಟಿಕೆಟನ್ನು ಬಹಳ ಮುಂಚಿತವಾಗಿ ಕೊಳ್ಳಬೇಕು. ಗಣಿಗಾರರ ಮೊಮ್ಮಕ್ಕಳಷ್ಟು ಚೆನ್ನಾಗಿ ಅದರ ಬೆಲೆಯನ್ನು ಅರಿಯಬಲ್ಲವರು ಕಡಿಮೆ. ಪ್ರವಾಸದ ಪಟ್ಟಿಯನ್ನು ಬರೆಯುವವರು ಈ ಕೊನೆಯ ದಿನವನ್ನೇ ಮೊದಲು ಬರೆದುಕೊಂಡು, ಉಳಿದ ದಿನಗಳನ್ನು ಕಡಲಿಗೆ ಹಂಚಲಿ.