ಬೆಟ್ಟ ಹತ್ತುವವರಿಗೆ ಅರ್ಧಬಲದ ನಿಯಮ

ವಾರಾಂತ್ಯದ ಚಾರಣವು ಇಂದು ಯುವಕ-ಯುವತಿಯರಿಗಷ್ಟೇ ಅಲ್ಲದೆ ಐವತ್ತು ದಾಟಿದವರಿಗೂ ಪ್ರಿಯವಾಗಿದೆ. ಶುಕ್ರವಾರ ರಾತ್ರಿ ಬಸ್ಸು ಹತ್ತುವುದು, ಶನಿವಾರ ಇಡೀ ದಿನ ಬೆಟ್ಟ ಹತ್ತಿ ಇಳಿಯುವುದು, ಅಂದು ರಾತ್ರಿಯೇ ಮರಳಿ ಬಸ್ಸು ಹಿಡಿಯುವುದು ರೂಢಿಯಾಗಿಬಿಟ್ಟಿದೆ. ಅಂಥವರಲ್ಲಿ ಕೆಲವರನ್ನು ಸೋಮವಾರ ಬೆಳಿಗ್ಗೆ ಊದಿದ ಮೊಣಕಾಲಿನೊಡನೆ ನಾವು ಚಿಕಿತ್ಸಾಲಯದಲ್ಲಿ ಕಾಣುತ್ತೇವೆ. ಬೆಟ್ಟ ಹತ್ತುವುದೇ ಬೇಡವೆಂದು ನಾವು ಹೇಳುವುದಿಲ್ಲ. ನಿದ್ರೆಗೆಟ್ಟ, ಅಭ್ಯಾಸವಿಲ್ಲದ ದೇಹವನ್ನು ಬೆಟ್ಟಕ್ಕೆ ಒಯ್ಯಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಮಲೆಯು ತುಂಗಾ, ಭದ್ರಾ, ನೇತ್ರಾವತಿ ನದಿಗಳ ತವರು. ಹುಲ್ಲುಗಾವಲು, ಕಣಿವೆಗಳ ಶೋಲೆ ಕಾಡು, ಅಡಿಗಡಿಗೆ ಎದುರಾಗುವ ತೊರೆಗಳು ಮನಸ್ಸಿನ ದಣಿವನ್ನು ಕಳೆಯುತ್ತವೆ. ಆದರೆ ಸುಮಾರು 1,890 ಮೀಟರ್ ಎತ್ತರದ ಶಿಖರವನ್ನು ಮುಳ್ಳೋಡಿಯ ಕಡೆಯಿಂದ ಹತ್ತಿ ಇಳಿಯಲು ಒಂದೇ ದಿನದಲ್ಲಿ ಸುಮಾರು 20 ಕಿಲೋಮೀಟರ್ ನಡೆಯಬೇಕು. ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು, ಜೊತೆಗೆ ಮಾರ್ಗದರ್ಶಿ ಇರಬೇಕು. ಮೇಲೆ ತಂಗುವಂತಿಲ್ಲ, ಕತ್ತಲಾಗುವ ಮುನ್ನ ಇಳಿಯಲೇಬೇಕು. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ದೇಹಕ್ಕೆ ಇದು ಸಣ್ಣ ಶ್ರಮವಲ್ಲ.

ವ್ಯಾಯಾಮದ ಮಿತಿಯನ್ನು ಆಯುರ್ವೇದವು ಖಚಿತವಾಗಿ ಹೇಳಿದೆ. ಬಲವುಳ್ಳವರು, ಸ್ನಿಗ್ಧವಾದ ಆಹಾರ ಸೇವಿಸುವವರು ಸಹ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎಂಬುದು ವಾಗ್ಭಟಾಚಾರ್ಯರ ಮತ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿಂದ ಉಸಿರಾಡುವಂತಾದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ಈ ನಿಯಮವು ಬೆಟ್ಟಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಶಿಖರ ತಲುಪಿದಾಗ ಮುಗಿದಿರುವುದು ಅರ್ಧ ದಾರಿ ಮಾತ್ರ. ಇಳಿಯುವಾಗ ತೊಡೆಯ ಸ್ನಾಯುಗಳು ಹೆಜ್ಜೆ ಹೆಜ್ಜೆಗೂ ಮೈಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಹತ್ತುವಾಗಲೇ ಅವು ಸೋತಿದ್ದರೆ ಆ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಕಾಲು ನಡುಗಿ ಜಾರುವುದೂ ಆಗಲೇ. ಆದುದರಿಂದ ಪಕ್ಕದವರೊಡನೆ ಮಾತನಾಡಲಾಗದಷ್ಟು ಏದುಸಿರು ಬಂದಾಗ ನಿಲ್ಲಬೇಕು. ಉಸಿರು ಸಮನಾದ ಮೇಲೆಯೇ ಮುಂದುವರಿಯಬೇಕು.

ಸಿದ್ಧತೆಗೆ ಕನಿಷ್ಠ ಆರು ವಾರ ಬೇಕು. ನಿತ್ಯ ಮುಕ್ಕಾಲು ಗಂಟೆ ನಡಿಗೆ, ವಾರಕ್ಕೆರಡು ದಿನ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ, ವಾರಕ್ಕೊಮ್ಮೆ ಬೆನ್ನಿಗೆ ಚೀಲ ಹಾಕಿಕೊಂಡು ದೀರ್ಘ ನಡಿಗೆ ಇರಲಿ. ಊರಿನ ಸಮತಟ್ಟಾದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ನೋವಿಲ್ಲದೆ ನಡೆಯಲಾಗದವರು ಚಿಕ್ಕ ದಾರಿಯನ್ನು ಆರಿಸಿಕೊಳ್ಳುವುದು ವಿವೇಕ. ರಕ್ತದೊತ್ತಡ, ಮಧುಮೇಹ, ಉಬ್ಬಸ, ಎದೆನೋವು ಇರುವವರು ವೈದ್ಯರ ತಪಾಸಣೆಯಿಲ್ಲದೆ ಹೊರಡಬಾರದು; ನಿತ್ಯದ ಔಷಧವನ್ನು ಅಂದು ಬಿಡಲೂಬಾರದು. ನಡೆಯುವಾಗ ಎದೆ ಹಿಡಿದುಕೊಂಡರೆ ಅದನ್ನು ವಾಯುವೆಂದು ಕಡೆಗಣಿಸದೆ ಅಲ್ಲಿಯೇ ಕುಳಿತು ಮಾರ್ಗದರ್ಶಿಗೆ ತಿಳಿಸಿ, ತಡಮಾಡದೆ ಆಸ್ಪತ್ರೆ ಸೇರಬೇಕು.

ಹಿಂದಿನ ಸಂಜೆಯೇ ಬೆಟ್ಟದ ತಪ್ಪಲಿನ ಊರನ್ನು ತಲುಪುವುದು ಉತ್ತಮ. ಇದರಿಂದ ನಿದ್ರೆ ಕೂಡಿಬರುತ್ತದೆ. ಬೆಳಗಿನ ಶೌಚ, ಸ್ನಾನ, ಲಿಂಗಪೂಜೆ, ಉಪಾಹಾರ ಯಾವುದಕ್ಕೂ ಅವಸರವಿರುವುದಿಲ್ಲ. ನಿದ್ರೆ, ಹಸಿವು, ನೀರಡಿಕೆ, ಮೂತ್ರ, ಶ್ರಮದಿಂದ ಬಂದ ಏದುಸಿರು ಇವೆಲ್ಲ ತಡೆಯಬಾರದ ವೇಗಗಳು. ದಾರಿಯಲ್ಲಿ ಶೌಚಾಲಯವಿಲ್ಲವೆಂಬ ಸಂಕೋಚದಿಂದ ನಮ್ಮ ತಾಯಂದಿರು, ಸೋದರಿಯರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಆಮೇಲೆ ತಲೆನೋವು, ಸುಸ್ತು, ಉರಿಮೂತ್ರ ಕಾಣಿಸಿಕೊಳ್ಳುತ್ತವೆ. ತಂಡದವರು ಈ ವಿಷಯವನ್ನು ನಾಚಿಕೆಯಿಲ್ಲದೆ ಮೊದಲೇ ಮಾತನಾಡಿಕೊಂಡು, ಮರೆಯಾದ ಜಾಗದಲ್ಲಿ ನಿಲ್ಲುವ ವ್ಯವಸ್ಥೆ ಮಾಡಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಮಂಗನ ಕಾಯಿಲೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳ ಕಡಿತದಿಂದ ಹರಡುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕಾಡುಗಳೂ ಇದಕ್ಕೆ ಹೊರತಲ್ಲ. ಚಾರಣಕ್ಕೆ ಹಿತವಾದ ಚಳಿಗಾಲದಿಂದ ಬೇಸಿಗೆಯವರೆಗಿನ ಅವಧಿಯಲ್ಲೇ ಇದು ಹೆಚ್ಚು. ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಉಣುಗುನಿವಾರಕ ತೈಲವನ್ನು ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮಾರ್ಗದರ್ಶಿಗೆ ತಿಳಿಸಬೇಕು. ಮರಳಿದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಂದೆರಡು ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈನೋವು ಬಂದರೆ ಮನೆಯ ಕಷಾಯವನ್ನು ನೆಚ್ಚಿ ಕೂರಬೇಡಿ. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತಿದ್ದೇವೆ: ಕೂಡಲೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ತಪ್ಪದೆ ತಿಳಿಸಿ.

ಮಾರ್ಗದರ್ಶಿಯ ಖರ್ಚು ದಂಡವೆಂದು ಕೆಲವರು ಗೊಣಗುವುದನ್ನು ಕೇಳಿದ್ದೇವೆ. ಇದು ಸರಿಯಲ್ಲ. ಮಂಜು ಎಲ್ಲಿ ದಾರಿ ಮುಚ್ಚುತ್ತದೆ, ಯಾವ ತೊರೆ ಮಳೆಗೆ ಒಮ್ಮೆಲೇ ಏರುತ್ತದೆ ಎಂಬುದನ್ನು ಬಲ್ಲವರು ಆ ಊರಿನಲ್ಲಿ ಹುಟ್ಟಿ ಬೆಳೆದವರೇ. ರೋಗಿಯು ವೈದ್ಯನ ಮಾತನ್ನು ಪಾಲಿಸುವಂತೆ ಬೆಟ್ಟದಲ್ಲಿ ಅವರ ಮಾತನ್ನು ಪಾಲಿಸಬೇಕು. ಅವರು ಸಾಕೆಂದಾಗ, ಶಿಖರ ಕಣ್ಣೆದುರಿಗೇ ಇದ್ದರೂ ಹಿಂದಿರುಗಬೇಕು. ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ಉಳಿದವರು ಹೊಂದಿಕೊಳ್ಳಬೇಕು.

ಪ್ರವಾಸ ಏರ್ಪಡಿಸುವ ಯುವಕ ಸಂಘಗಳಲ್ಲಿ ನಮ್ಮದೊಂದು ವಿನಂತಿ. ಹೆಸರು ನೋಂದಾಯಿಸಿಕೊಳ್ಳುವಾಗ ಹಣದೊಡನೆ ಆರು ವಾರದ ನಡಿಗೆಯ ಲೆಕ್ಕವನ್ನೂ ಕೇಳಿರಿ. ರಾತ್ರಿ ಪ್ರಯಾಣವನ್ನು ಕೈಬಿಟ್ಟು ಒಂದು ದಿನ ಹೆಚ್ಚಿಗೆ ಇರಿಸಿಕೊಳ್ಳಿ. ಮನೆಗೆ ಮರಳಿದ ಮೇಲೆ ಮೊಣಕಾಲು, ಪಾದಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ, ಬಿಸಿಯಾದ ಲಘು ಆಹಾರ ಸೇವಿಸಿ, ಮರುದಿನ ವಿಶ್ರಮಿಸಲು ಎಲ್ಲರಿಗೂ ಹೇಳಿರಿ. ಊತ ಅಥವಾ ಉಳುಕಿದ್ದಲ್ಲಿ ಮಾತ್ರ ಅದನ್ನು ತಿಕ್ಕದೆ ವೈದ್ಯರಿಗೆ ತೋರಿಸಲಿ.