ಒಂಬತ್ತು ಸೆಕೆಂಡುಗಳ ಅವಕಾಶ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ವಾಚಕರು ಬಲ್ಲರು. ಒಮ್ಮೆ ಮಾತ್ರ ಬರೆಯಬಹುದಾದ ಸಿಡಿಯನ್ನು ಕಂಡಿದ್ದರೆ ನಮ್ಮ ಹಿರಿಯರು ಅದನ್ನೂ ಈ ಸಾಲಿಗೆ ಸೇರಿಸುತ್ತಿದ್ದರೇನೋ!

12 ಸೆಂಟಿಮೀಟರ್ ಅಗಲದ ಈ ತಟ್ಟೆಯೊಳಗೆ ಬಣ್ಣದ ತೆಳುಪದರವೊಂದುಂಟು. ಲೇಸರ್ ಕಿರಣವು ಅದನ್ನು ಕಾಯಿಸುತ್ತ, ನಡುವಿನಿಂದ ಅಂಚಿನೆಡೆಗೆ ಸುರುಳಿಯಾಗಿ ಸಾಗುವ 5 ಕಿಲೋಮೀಟರಿಗೂ ಮಿಗಿಲಾದ ಹಾದಿಯಲ್ಲಿ ಗುರುತುಗಳನ್ನಿಡುತ್ತದೆ. ಹಾಗೆ ಕಾದ ಬಣ್ಣವು ಮತ್ತೆ ಮೊದಲಿನಂತಾಗದು. ಸಿಡಿಯನ್ನು ‘ಸುಡುವುದು’ ಎಂಬ ಮಾತು ಬರಿಯ ಅಲಂಕಾರವಲ್ಲ.

ಲಿನಕ್ಸ್ ಕಂಪ್ಯೂಟರುಗಳಲ್ಲಿ ಈ ಕೆಲಸಕ್ಕೆ ಬಹುಕಾಲ ಒದಗಿದುದು ಜರ್ಮನಿಯ ಯೋರ್ಗ್ ಶಿಲ್ಲಿಂಗ್ ರಚಿಸಿದ ‘ಸಿಡಿರೆಕಾರ್ಡ್’ ಎಂಬ ಪ್ರೋಗ್ರಾಂ. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಯಾವ ಯಂತ್ರ, ಎಷ್ಟು ವೇಗ, ಯಾವ ಫೈಲು ಎಂಬ ಆಜ್ಞೆಯನ್ನು ಅಕ್ಷರಗಳಲ್ಲೇ ಬರೆದುಕೊಡಬೇಕು. ಆದರೆ ಆಜ್ಞೆ ದೊರೆತೊಡನೆಯೇ ಅದು ಸುಡಲು ತೊಡಗದು. ನಿಲ್ಲಿಸಲು ಇದೇ ಕೊನೆಯ ಅವಕಾಶವೆಂದು ಸಾರಿ, 9 ಸೆಕೆಂಡು ಎಣಿಸುತ್ತ ಕಾಯುತ್ತದೆ. ಅಷ್ಟರೊಳಗೆ ಕಂಟ್ರೋಲ್ ಕೀಲಿಯೊಡನೆ ‘ಸಿ’ ಒತ್ತಿದರೆ ತಟ್ಟೆ ಉಳಿಯಿತು.

2004ರಲ್ಲಿ ನಮಗೂ ಆ 9 ಸೆಕೆಂಡುಗಳು ದೊರೆತಿದ್ದವು. ಅಜ್ಜಿಯ ಸೋಬಾನೆ ಹಾಡುಗಳನ್ನು ಸವೆದ ಕ್ಯಾಸೆಟ್ಟೊಂದರಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆವು. ಎಣಿಕೆ ಆರಂಭವಾಗುತ್ತಲೇ ಕಾಫಿಗೆಂದು ಎದ್ದುಹೋದೆವು. ಮರಳಿದಾಗ ಕೆಲಸ ಮುಗಿದಿತ್ತು, ದೋಷವೊಂದೂ ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಸ್ಥಳಾಭಾವವಿದ್ದುದರಿಂದ ಹಾಡುಗಳನ್ನು ಅಳಿಸಿಬಿಟ್ಟೆವು. ವಾರದ ಬಳಿಕ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ತಟ್ಟೆಯನ್ನು ಹಾಕಿದರೆ ಅದರಲ್ಲಿದ್ದುದು ಮನೆ ಕಟ್ಟಿಸಿದ ಲೆಕ್ಕಪತ್ರ! ಆಜ್ಞೆಯಲ್ಲಿ ಬೇರೊಂದು ಫೈಲಿನ ಹೆಸರನ್ನು ಬರೆದಿದ್ದೆವು. ಯಂತ್ರವು ಹೇಳಿದ್ದನ್ನು ತಪ್ಪಿಲ್ಲದೆ ನಡೆಸಿಕೊಟ್ಟಿತ್ತು. ಮತ್ತೆ ಕ್ಯಾಸೆಟ್ಟನ್ನು ಹಾಕಿದೆವು. ಮೂರನೆಯ ಹಾಡಿನ ನಡುವೆ ಟೇಪು ಹರಿಯಿತು.

“ಹೋಗಲಿ ಬಿಡು ಮಗಾ, ನಾನಿನ್ನೂ ಇದ್ದೇನಲ್ಲ” ಎಂದು ಅಜ್ಜಿ ಹಾಡಲು ಕುಳಿತರು. ಅರ್ಧಕ್ಕರ್ಧ ಸೊಲ್ಲುಗಳು ಅವರಿಗೇ ಮರೆತುಹೋಗಿದ್ದವು.

ಸಿಡಿರೆಕಾರ್ಡಿನಲ್ಲಿ ‘ಡಮ್ಮಿ’ ಎಂಬ ತಾಲೀಮಿನ ವ್ಯವಸ್ಥೆಯೂ ಇದೆ. ಆಗ ತಟ್ಟೆಯ ಮೇಲೆ ಗುರುತು ಬೀಳದಂತೆ ಬರವಣಿಗೆಯ ಆಟವೆಲ್ಲ ನಡೆಯುತ್ತದೆ. ಆದರೆ ಅದು ಯಂತ್ರದ ಪರೀಕ್ಷೆಯೇ ಹೊರತು ನಮ್ಮ ಗಮನದ ಪರೀಕ್ಷೆಯಲ್ಲ. ಫೈಲಿನ ಹೆಸರನ್ನು ಕಣ್ಣಾರೆ ಓದಬೇಕು. ಬರೆದಾದ ಮೇಲೆ ತಟ್ಟೆಯನ್ನು ತೆರೆದು ನೋಡಬೇಕು. ಬಿಸಿಲು ಸೆಕೆಗಳಿಗೆ ಆ ಬಣ್ಣವೂ ಮಾಸುವುದರಿಂದ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕು. ಅಳಿಸುವ ಮಾತು ಆಮೇಲಿನದು.

ಇಂದು ಸಿಡಿಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಅಳಿಸುವ ಆತುರ ಮಾತ್ರ ಮುಗಿದಿಲ್ಲ. ಮೊಬೈಲಿನಲ್ಲಿ ಮನೆಯವರ ದನಿಯನ್ನು ಅಳಿಸಹೊರಟಾಗ, ಓದುಗರೇ, ಯಂತ್ರ ಎಣಿಸದಿದ್ದರೂ ನೀವಾದರೂ ಒಂಬತ್ತು ಎಣಿಸಿರಿ.