ನೊಣಕ್ಕೆ ಬೋನು: ಅಂಗಳದಲ್ಲಿ ಹಿಡಿದದ್ದೆಷ್ಟು, ಜವಾಹರನಗರಕ್ಕೆ ಕಳಿಸಿದ್ದೆಷ್ಟು?

ಹೈದರಾಬಾದ್: ಆಷಾಢದ ಮಳೆ ಬಿದ್ದು ಬೋನಾಲು ಹಬ್ಬದ ಡೋಲಿನ ಸದ್ದು ಕೇಳತೊಡಗಿತೆಂದರೆ ಅವಳಿ ನಗರದ ಮನೆಗಳಿಗೆ ಕರೆಯದ ಅತಿಥಿಯೊಬ್ಬನ ಆಗಮನವೂ ಆಗುತ್ತದೆ. ಅದೇ ನೊಣ. ಮಾವಿನ ಸುಗ್ಗಿ ಬಿಟ್ಟುಹೋದ ಸಿಪ್ಪೆ ಮತ್ತು ವಾಟೆ, ಮಳೆಗೆ ನೆನೆದ ಕಸ, ಬೆಚ್ಚಗಿನ ಹವೆ, ಈ ಮೂರೂ ಒಟ್ಟಿಗೆ ಸಿಕ್ಕರೆ ನೊಣಗಳಿಗೆ ಹಬ್ಬವೇ ಸರಿ. ಕಾಚಿಗುಡದ ಹಳೆಯ ಮನೆಗಳಾಗಲಿ, ಕೂಕಟ್‌ಪಲ್ಲಿ, ಮಿಯಾಪುರದ ಕಡೆಯ ಹೊಸ ಅಪಾರ್ಟ್‌ಮೆಂಟ್‌ಗಳಾಗಲಿ, ಗೃಹಿಣಿಯರ ದೂರು ಒಂದೇ: ಊಟದ ತಟ್ಟೆಯ ಮುಂದೆ ಒಂದು ಕೈ ಬೀಸುತ್ತಲೇ ಇರಬೇಕು.

ಇದಕ್ಕೆ ಪರಿಹಾರವೆಂದು ಈಚಿನ ವರ್ಷಗಳಲ್ಲಿ ಹೆಚ್ಚು ಮಾರಾಟವಾಗುತ್ತಿರುವುದು ಹೊರಾಂಗಣದ ಟ್ರ್ಯಾಪ್, ಅಂದರೆ ನೊಣದ ಬೋನು. ವಾಸನೆಯ ಪುಡಿ ಕರಗಿಸಿದ ನೀರು ತುಂಬಿದ ಚೀಲ ಅಥವಾ ಡಬ್ಬಿಯನ್ನು ಮನೆಯ ಹೊರಗೆ ತೂಗುಹಾಕಿದರೆ ನೊಣಗಳು ಒಳಹೊಕ್ಕು ಹೊರಬರಲಾಗದೆ ಸಾಯುತ್ತವೆ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಇದ್ದರೆ ಎಷ್ಟು? ಬೋನಿಗೆ ಬೀಳದ ನೊಣಗಳ ಗತಿಯೇನು? ಸಂಘಸಂಸ್ಥೆಗಳಲ್ಲಿ, ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಚರ್ಚೆಯಾಗಬೇಕಾದ ಪ್ರಶ್ನೆಗಳಿವು.

ಕಚ್ಚದ ಶತ್ರು

ಸೊಳ್ಳೆಯ ಕಥೆ ಈ ನಗರಕ್ಕೆ ಚೆನ್ನಾಗಿಯೇ ಗೊತ್ತು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ ಅವರಿಗೆ ಮೊದಲ ಸಾಕ್ಷ್ಯ ಸಿಕ್ಕಿದ್ದು 1897ರ ಆಗಸ್ಟ್‌ನಲ್ಲಿ, ಸಿಕಂದರಾಬಾದಿನಲ್ಲಿ. ನೊಣಕ್ಕೆ ಅಂಥ ಕುಖ್ಯಾತಿ ಬರಲಿಲ್ಲ. ಮನೆಯ ನೊಣ ಕಚ್ಚುವುದಿಲ್ಲ, ಆದ್ದರಿಂದ ಜನ ಅದನ್ನು ಕಿರಿಕಿರಿ ಎಂದುಕೊಂಡರೇ ಹೊರತು ಅಪಾಯ ಎಂದುಕೊಳ್ಳಲಿಲ್ಲ.

ಆದರೆ ಅದರ ಊಟದ ಕ್ರಮವೇ ಅಪಾಯದ ಮೂಲ. ನೊಣಕ್ಕೆ ಅಗಿಯಲು ಬಾರದು. ತಿನಿಸಿನ ಮೇಲೆ ಜೊಲ್ಲು ಸುರಿದು, ಹೊಟ್ಟೆಯೊಳಗಿನದನ್ನೂ ಕಕ್ಕಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಮಲದ ಮೇಲೋ ಸತ್ತ ಇಲಿಯ ಮೇಲೋ ಕುಳಿತಿದ್ದ ಕಾಲುಗಳೇ ಈಗ ಕೋಸಂಬರಿಯ ಮೇಲೂ ಕುಳಿತಿರುತ್ತವೆ. ಆಮಶಂಕೆ, ವಾಂತಿಭೇದಿ, ಟೈಫಾಯಿಡ್ ಮುಂತಾದ ರೋಗಗಳ ಸೂಕ್ಷ್ಮಾಣುಗಳನ್ನು ನೊಣ ಹೊತ್ತೊಯ್ಯಬಲ್ಲದು. ಹೆಚ್ಚು ನರಳುವವರು ಚಿಕ್ಕ ಮಕ್ಕಳು.

ಇಸ್ರೇಲ್ ಸೇನೆಯ ಅನುಭವ

ಬೋನಿನ ಪ್ರಯೋಜನವನ್ನು ಅಂಕಿಅಂಶಗಳಲ್ಲಿ ತೋರಿಸಿದ ಅಧ್ಯಯನವೊಂದು ಇಸ್ರೇಲಿನದು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಎರಡು ಸೇನಾ ಶಿಬಿರಗಳಲ್ಲಿ ಈ ಪ್ರಯೋಗ ನಡೆಯಿತು. ಒಂದು ಶಿಬಿರದಲ್ಲಿ ಯೀಸ್ಟ್ ಹಾಕಿದ ಬೋನುಗಳನ್ನಿಟ್ಟು ನೊಣಗಳನ್ನು ಬಿಗಿಯಾಗಿ ನಿಯಂತ್ರಿಸಲಾಯಿತು, ಇನ್ನೊಂದರಲ್ಲಿ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. ಬಳಿಕ ಅದಲುಬದಲು ಮಾಡಲಾಯಿತು. 1991ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೊಣಗಳ ಸಂಖ್ಯೆ ಶೇ. 64ರಷ್ಟು ಕಡಿಮೆಯಾಗಿತ್ತು. ಭೇದಿಯೆಂದು ಚಿಕಿತ್ಸಾಲಯಕ್ಕೆ ಬಂದವರ ಪ್ರಮಾಣ ಶೇ. 42ರಷ್ಟು, ಅದರಲ್ಲೂ ಶಿಗೆಲ್ಲಾ ಎಂಬ ಸೂಕ್ಷ್ಮಾಣುವಿನ ಆಮಶಂಕೆ ಶೇ. 85ರಷ್ಟು ತಗ್ಗಿತ್ತು.

ಅಂದಮೇಲೆ ಬೋನು ಬರೀ ಅಂಗಡಿಯವರ ಪ್ರಚಾರವಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಸೇನಾ ಶಿಬಿರದಲ್ಲಿ ಕಸ ಎಲ್ಲಿಗೆ ಹೋಗಬೇಕು, ಬೋನು ಎಲ್ಲಿರಬೇಕು ಎಂಬುದೆಲ್ಲ ಒಂದೇ ಆಜ್ಞೆಯಲ್ಲಿ ನಡೆಯುತ್ತದೆ. ನಮ್ಮ ಕಾಲೊನಿಗಳಲ್ಲಿ ಒಂದು ಮನೆಯವರು ಬೋನು ತೂಗುಹಾಕಿದರೆ ಪಕ್ಕದ ಖಾಲಿ ಸೈಟಿನಲ್ಲಿ ಕಸದ ಚೀಲ ಬಿದ್ದಿರುತ್ತದೆ.

ಎಲ್ಲಿಡಬೇಕು, ಹೇಗಿಡಬೇಕು

ಬೋನು ತಂದವರಲ್ಲಿ ಬಹುತೇಕರು ಮಾಡುವ ಮೊದಲ ತಪ್ಪು ಅದನ್ನು ಬಾಗಿಲ ಬಳಿಯೇ ತೂಗುಹಾಕುವುದು. ಬೋನು ನೊಣವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಅಡುಗೆಮನೆಯ ಕಿಟಕಿಗೆ ಕಟ್ಟಿದ ಬೋನು ಊರ ನೊಣಗಳಿಗೆಲ್ಲ ದಾರಿ ತೋರಿಸಿದಂತೆ. ಮನೆಯ ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ಕಾಂಪೌಂಡಿನ ಅಂಚಿನಲ್ಲಿ, ಕಸದ ಡಬ್ಬಿ ಅಥವಾ ದನದ ಕೊಟ್ಟಿಗೆ ಇರುವ ಕಡೆಗೆ ಅದನ್ನು ಇಡಬೇಕು. ಗಾಳಿ ಆ ವಾಸನೆಯನ್ನು ಮನೆಯೊಳಗೆ ತರದಂತೆ ದಿಕ್ಕು ನೋಡಿಕೊಳ್ಳಬೇಕು. ನೊಣ ಬೆಳಕಿನ, ಬಿಸಿಲಿನ ಜೀವಿ. ಕತ್ತಲೆಯ ಮೂಲೆಯಲ್ಲಿಟ್ಟ ಬೋನಿಗೆ ಅಷ್ಟಾಗಿ ಬೀಳುವುದಿಲ್ಲ.

ದುಡ್ಡು ಕೊಟ್ಟು ತರಲೇಬೇಕೆಂದೇನೂ ಇಲ್ಲ. 2 ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೇ ಒಂದು ಭಾಗವನ್ನು ಕತ್ತರಿಸಿ, ಮುಚ್ಚಳ ತೆಗೆದು, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ ಅಂಚಿಗೆ ಟೇಪು ಸುತ್ತಿದರೆ ಬೋನು ಸಿದ್ಧ. ಒಳಗೆ ಎರಡು ಬೆರಳು ಎತ್ತರಕ್ಕೆ ನೀರು, ಅದರಲ್ಲಿ ಮುಳುಗುವಂತೆ ಮೀನಿನ ತ್ಯಾಜ್ಯ. ಶಾಕಾಹಾರಿಗಳ ಮನೆಯಲ್ಲಾದರೆ ಹುಳಿ ಬಂದ ಹಣ್ಣಿನ ಜತೆ ಯೀಸ್ಟ್ ಮತ್ತು ಬೆಲ್ಲ. ಬರೀ ಬೆಲ್ಲದ ನೀರಿಗೆ ಜೇನುನೊಣಗಳೂ ಬಂದು ಸಾಯುತ್ತವೆ. ಅವು ರೈತನ ಬಂಧುಗಳಾದ್ದರಿಂದ ಒಂದಿಷ್ಟು ವಿನಿಗರ್ ಸೇರಿಸುವುದು ಒಳ್ಳೆಯದು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಒಮ್ಮೆ ತೂಗುಹಾಕಿದ ಬೋನನ್ನು ತಿಂಗಳುಗಟ್ಟಲೆ ಮರೆತುಬಿಡುವುದು. ನೀರು ಆರಿ, ಒಳಗಿನ ಪದಾರ್ಥ ಮೇಲೆ ಕಾಣತೊಡಗಿದರೆ ಅದರಲ್ಲೇ ಮೊಟ್ಟೆಯೊಡೆದು ಹುಳುಗಳಾಗುತ್ತವೆ. ನೊಣ ಹಿಡಿಯಲಿಟ್ಟ ಬೋನೇ ನೊಣ ಹುಟ್ಟಿಸುವ ತೊಟ್ಟಿಲಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಸೋಪಿನ ಬಿಸಿನೀರು ಸುರಿದು, ಒಳಗಿನದನ್ನು ಚರಂಡಿಗೆ ಚೆಲ್ಲದೆ ಗುಂಡಿಯಲ್ಲಿ ಹೂತು, ಬೋನನ್ನು ತೊಳೆದು ಮತ್ತೆ ಇಡಬೇಕು. ಮಕ್ಕಳ ಕೈಗೆ, ಬೆಕ್ಕು ನಾಯಿಗಳ ಬಾಯಿಗೆ ಸಿಗದಂತೆ ಎಚ್ಚರ ವಹಿಸಬೇಕು.

ವಾರದ ಲೆಕ್ಕ

ವಾರಕ್ಕೊಮ್ಮೆ ಎಂಬುದಕ್ಕೆ ಕಾರಣವಿದೆ. ನಮ್ಮ ಹವೆಯಲ್ಲಿ ನೊಣದ ಮೊಟ್ಟೆ ಒಡೆಯಲು ಒಂದು ದಿನ ಸಾಕು. ಹುಳುವಾಗಿ, ಕೋಶ ಕಟ್ಟಿ, ರೆಕ್ಕೆ ಮೂಡಿ ಹಾರಲು ಒಟ್ಟು 7ರಿಂದ 10 ದಿನ. ಒಂದು ಹೆಣ್ಣು ನೊಣ ತನ್ನ ಕೆಲವೇ ವಾರಗಳ ಬದುಕಿನಲ್ಲಿ ಸುಮಾರು 500 ಮೊಟ್ಟೆ ಇಡಬಲ್ಲದು. ಬೋನಿನಲ್ಲಿ 200 ನೊಣ ಸತ್ತು ಬಿದ್ದದ್ದನ್ನು ಕಂಡು ಸಮಾಧಾನಪಡುವ ಹೊತ್ತಿಗೆ ಹಿತ್ತಲಿನ ಕಸದಲ್ಲಿ ಒಂದೇ ನೊಣ ಅದರ ಎರಡರಷ್ಟು ಮೊಟ್ಟೆ ಇಟ್ಟಿರಬಹುದು.

ಇದರಿಂದ ತಿಳಿಯುವುದಿಷ್ಟು: ಹಸಿ ಕಸ ಯಾವ ಜಾಗದಲ್ಲೂ ಒಂದು ವಾರ ಉಳಿಯಕೂಡದು. ನಾಲ್ಕು ದಿನಕ್ಕೊಮ್ಮೆ ತೆಗೆದು ಸಾಗಿಸಿದರೂ ಹುಳುಗಳು ನೊಣವಾಗುವುದಕ್ಕೆ ಮೊದಲೇ ಅಲ್ಲಿಂದ ಹೊರಟುಹೋಗಿರುತ್ತವೆ. ದಿನವೂ ಸಾಗಿಸಿದರೆ ಇನ್ನೂ ಒಳ್ಳೆಯದು.

ಇಲ್ಲಿ ಕನ್ನಡಿಗರಿಗೆ ನೆನಪಾಗಬೇಕಾದವರು ಎಂ. ವಿಶ್ವೇಶ್ವರಯ್ಯನವರು. 1908ರ ಮೂಸಿ ಪ್ರವಾಹ ನಗರವನ್ನು ಮುಳುಗಿಸಿದ ಮೇಲೆ ನಿಜಾಮ್ ಸರ್ಕಾರ 1909ರಲ್ಲಿ ಅವರನ್ನು ಕರೆಸಿಕೊಂಡಿತು. ಅವರು ನೆರೆಯನ್ನು ನಗರದೊಳಗೆ ತಡೆಯಲು ಹೋಗಲಿಲ್ಲ. ಮೇಲ್ಭಾಗದಲ್ಲೇ ನೀರನ್ನು ಹಿಡಿದಿಡುವಂತೆ ಸಲಹೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಯೋಚನೆಯ ಫಲ. ಅದರ ಜತೆಗೇ ನಗರದ ಒಳಚರಂಡಿಯತ್ತಲೂ ಅವರು ಗಮನ ಹರಿಸಿದರು. ನೊಣದ ವಿಷಯದಲ್ಲೂ ಅದೇ ನೀತಿ ಸಲ್ಲುತ್ತದೆ. ಬೋನು ಬಾಗಿಲ ಬಳಿಯ ತಡೆ. ಕಸವೇ ಮೇಲ್ಭಾಗ.

ಕಸ ಹೋಗುವುದೆಲ್ಲಿಗೆ?

ಕಸವನ್ನು ನಮ್ಮ ಗೇಟಿನಿಂದ ಸಾಗಿಸಿದ ಮಾತ್ರಕ್ಕೆ ನೊಣದ ಕಥೆ ಮುಗಿಯಿತೇ? ನಗರದಲ್ಲಿ ದಿನಕ್ಕೆ 6 ಸಾವಿರ ಟನ್ನಿಗೂ ಹೆಚ್ಚು ಕಸ ಹುಟ್ಟುತ್ತದೆ. ಅದರ ದೊಡ್ಡ ಪಾಲನ್ನು ವರ್ಷಗಟ್ಟಲೆ ಹೊತ್ತುಕೊಂಡದ್ದು ನಗರದ ಈಶಾನ್ಯಕ್ಕಿರುವ ಜವಾಹರನಗರ. ಅಲ್ಲಿನ ಹಳೆಯ ಕಸದ ಗುಡ್ಡಕ್ಕೆ ಹೊದಿಕೆ ಹಾಕಲಾಗಿದೆ. 2020ರಲ್ಲಿ ಕಸದಿಂದ ವಿದ್ಯುತ್ ತೆಗೆಯುವ ಘಟಕವೂ ಶುರುವಾಯಿತು. ಆದರೂ ಸುತ್ತಲಿನ ಬಡಾವಣೆಗಳ ಜನರ ದೂರು ನಿಂತಿಲ್ಲ. ದುರ್ವಾಸನೆ, ಕೆಟ್ಟ ನೀರು, ನೊಣ ಅವರ ನಿತ್ಯದ ಸಂಗಾತಿಗಳಾಗಿವೆ. ಒದ್ದೆ ಕಸ ಸರಿಯಾಗಿ ಉರಿಯುವುದೂ ಇಲ್ಲ, ಒಣ ಕಸದೊಡನೆ ಬೆರೆತರೆ ಅದನ್ನೂ ಕೆಡಿಸುತ್ತದೆ.

ಇದು ಹೈದರಾಬಾದಿಗಷ್ಟೇ ಅಂಟಿದ ಕಥೆಯಲ್ಲ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದಲ್ಲಿ 2012ರಲ್ಲಿ ಕಸ ಸುರಿಯುವುದು ನಿಂತಿತು. ಆಮೇಲೆ ಹೊರೆ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು 2014ರಲ್ಲಿ ಕಸದ ಲಾರಿಗಳನ್ನು ತಡೆದು ನಿಂತ ಮೇಲಷ್ಟೇ, ಆ ವರ್ಷದ ಡಿಸೆಂಬರಿನಿಂದ ಅಲ್ಲಿಗೂ ಕಸ ಹೋಗುವುದು ನಿಂತಿತು. ಇಲ್ಲಿ ಸಂಗಾರೆಡ್ಡಿ ಜಿಲ್ಲೆಯ ಪ್ಯಾರಾನಗರದಲ್ಲಿ ಕಸದ ಘಟಕ ಬರುತ್ತದೆಂದು 2025ರಲ್ಲಿ ಹಳ್ಳಿಗರು ಬೀದಿಗಿಳಿದರು. ಊರು ಬೇರೆಬೇರೆಯಾದರೂ ಅವರ ಪ್ರಶ್ನೆ ಒಂದೇ: ನಿಮ್ಮ ಮನೆಯ ನೊಣವನ್ನು ನಮ್ಮ ಮನೆಗೇಕೆ ಕಳಿಸುತ್ತೀರಿ?

ಈ ಪ್ರಶ್ನೆಗೆ ಬೋನಿನಲ್ಲಿ ಉತ್ತರವಿಲ್ಲ. ಉತ್ತರವಿರುವುದು ಅಡುಗೆಮನೆಯ ಎರಡು ಡಬ್ಬಿಗಳಲ್ಲಿ. ಹಸಿ ಕಸ, ಒಣ ಕಸ ಬೇರೆ ಮಾಡಲೆಂದು 2015ರಲ್ಲೇ ಇಲ್ಲಿನ ಮನೆಮನೆಗೆ ಹಸಿರು, ನೀಲಿ ಡಬ್ಬಿಗಳನ್ನು ಹಂಚಲಾಯಿತು. ಕಸ ಒಯ್ಯಲು ಸ್ವಚ್ಛ ಆಟೋಗಳೂ ಬಂದವು. ಮರುವರ್ಷ ಕೇಂದ್ರದ ನಿಯಮವೂ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. ಆ ಡಬ್ಬಿಗಳು ಎಷ್ಟೋ ಮನೆಗಳಲ್ಲಿ ಅಕ್ಕಿ ತುಂಬಲು, ನೀರು ಹಿಡಿಯಲು ಬಳಕೆಯಾದದ್ದು ಎಲ್ಲರಿಗೂ ತಿಳಿದ ಸಂಗತಿ. ಬೇರ್ಪಡಿಸದ ಕಸವನ್ನು ಬರಿಗೈಯಿಂದ ಕೆದಕಿ ಬೇರೆ ಮಾಡುವ ಕೆಲಸ ಕೊನೆಗೆ ಬೀಳುವುದು ಆಟೋದವನ ಹೆಂಡತಿ ಮಕ್ಕಳ ಮೇಲೆ.

ಕೋಳಿ ಫಾರಂ ಮತ್ತು ಬಿಳಿ ರಟ್ಟು

ನಗರದ ಹೊರವಲಯದ ಹೊಸ ಬಡಾವಣೆಗಳಲ್ಲಿ ನೆಲೆಸಿರುವವರಿಗೆ ಇನ್ನೊಂದು ತಾಪತ್ರಯವಿದೆ. ಮೊಟ್ಟೆ ಉತ್ಪಾದನೆಯಲ್ಲಿ ತೆಲಂಗಾಣ ದೇಶದ ಮುಂಚೂಣಿ ರಾಜ್ಯಗಳಲ್ಲೊಂದು. ಕೋಳಿ ಫಾರಂಗಳು ಮೊದಲೇ ಇದ್ದ ಕಡೆಗೆ ಊರು ಬೆಳೆದುಕೊಂಡು ಹೋಗಿದೆ. ಒದ್ದೆಯಾದ ಕೋಳಿಗೊಬ್ಬರ ನೊಣಕ್ಕೆ ಅತಿ ಪ್ರಿಯ, ಮತ್ತು ನೊಣ ಒಂದೆರಡು ಕಿಲೋಮೀಟರು ಸಲೀಸಾಗಿ ಹಾರಿ ಬರುತ್ತದೆ. ಅಲ್ಲಿ ಮನೆಗೊಂದು ಬೋನು ಸಾಲದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಂತೆ ಹೊಸ ಫಾರಂಗಳು ಜನವಸತಿಯಿಂದ 500 ಮೀಟರು ದೂರವಿರಬೇಕು. ಗೊಬ್ಬರ ಒದ್ದೆಯಾಗದಂತೆ, ನೊಣ ಹುಟ್ಟದಂತೆ ನೋಡಿಕೊಳ್ಳುವುದೂ ಫಾರಂನವರ ಹೊಣೆ.

ಆದರೆ ದೂರು ಕೊಡುವಾಗ ಬರೀ ‘ನೊಣ ಹೆಚ್ಚಾಗಿದೆ’ ಎಂದರೆ ಯಾವ ಅಧಿಕಾರಿಯೂ ಕಿವಿಗೊಡುವುದಿಲ್ಲ. ಅಮೆರಿಕದ ಕೋಳಿ ಸಾಕಣೆಗಾರರು ಬಳಸುವ ಸರಳ ಉಪಾಯವೊಂದಿದೆ. ಅಂಗೈಯಗಲದ ಬಿಳಿ ರಟ್ಟುಗಳನ್ನು ನೊಣ ಕೂರುವ ಕಡೆಗಳಲ್ಲಿ ಅಂಟಿಸಿ, ವಾರ ಕಳೆದ ಮೇಲೆ ಅವುಗಳ ಮೇಲೆ ನೊಣ ಬಿಟ್ಟ ಕಪ್ಪು ಚುಕ್ಕೆಗಳನ್ನು ಎಣಿಸುವುದು. ವಾರಕ್ಕೆ ಒಂದು ರಟ್ಟಿನ ಮೇಲೆ 100ಕ್ಕಿಂತ ಹೆಚ್ಚು ಚುಕ್ಕೆ ಬಿದ್ದರೆ ನೊಣ ಮಿತಿಮೀರಿದೆ ಎಂದು ಅವರ ಲೆಕ್ಕ. ಕಾಲೊನಿಯ ಹತ್ತು ಮನೆಗಳವರು ಹೀಗೆ ನಾಲ್ಕು ವಾರ ತಾರೀಖು ಸಮೇತ ರಟ್ಟು ಕೂಡಿಸಿಟ್ಟರೆ ಅದು ದೂರಿನ ಜತೆ ಲಗತ್ತಿಸಬಹುದಾದ ಪುರಾವೆ. ನೊಣ ಬರುತ್ತಿರುವುದು ಫಾರಂ ಕಡೆಯಿಂದಲೋ ನಮ್ಮದೇ ಕಸದ ಕೋಣೆಯಿಂದಲೋ ಎಂಬುದನ್ನೂ ಆ ರಟ್ಟುಗಳೇ ಹೇಳುತ್ತವೆ. ಎರಡನೆಯದೇ ನಿಜವಾದರೆ ಅದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಮಾತ್ರ ನಮ್ಮಲ್ಲಿರಬೇಕು.

ಸಂಘಗಳು ಮಾಡಬಹುದಾದದ್ದು

ಹೊರನಾಡ ಕನ್ನಡಿಗರ ಕಾರ್ಯಕ್ರಮಗಳಿಗೆ ಊಟ ಭೂಷಣ. ಯುಗಾದಿ, ಗಣೇಶೋತ್ಸವ, ರಾಜ್ಯೋತ್ಸವ ಎಂದರೆ ಹೋಳಿಗೆ, ಬಿಸಿಬೇಳೆಬಾತ್ ಇರಲೇಬೇಕು. ಊಟ ಮುಗಿದ ಮೇಲೆ ನೂರಾರು ಎಲೆಗಳು ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿಗಳೊಡನೆ ಒಂದೇ ರಾಶಿಯಾಗಿ ಸಭಾಂಗಣದ ಹಿಂದೆ ಬೀಳುವುದೂ ರೂಢಿ. ಆ ರಾಶಿ ಬೆಳಗಿನವರೆಗೆ ಅಲ್ಲೇ ಬಿದ್ದಿದ್ದರೆ ಅತಿಥಿಗಳು ಹೋದ ಮೇಲೆ ನೊಣಗಳ ಪಂಕ್ತಿ ಶುರುವಾಗುತ್ತದೆ. ಎಲೆ ಮತ್ತು ಉಳಿದ ಅನ್ನಕ್ಕೆ ಒಂದು ಡ್ರಮ್ಮು, ಬಾಟಲಿ ಲೋಟಕ್ಕೆ ಇನ್ನೊಂದು, ಪಕ್ಕದಲ್ಲಿ ನಿಂತು ತೋರಿಸಲು ಇಬ್ಬರು ಸ್ವಯಂಸೇವಕರು, ರಾತ್ರಿಯೇ ಸಾಗಿಸುವ ಏರ್ಪಾಡು, ಇಷ್ಟಿದ್ದರೆ ಸಾಕು. ಖರ್ಚು ಹೆಚ್ಚಿಲ್ಲ, ಕಾರ್ಯಕಾರಿ ಸಮಿತಿಯ ಒಂದು ನಿರ್ಣಯ ಬೇಕು.

ಅಪಾರ್ಟ್‌ಮೆಂಟ್‌ಗಳಲ್ಲಿರುವವರು ಹಸಿ ಕಸವನ್ನು ಅಲ್ಲೇ ಕಾಂಪೋಸ್ಟ್ ಮಾಡಿದರೆ ಜವಾಹರನಗರದ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಕಾಂಪೋಸ್ಟ್ ಗುಂಡಿಯಲ್ಲೂ ನೊಣವಾಗುತ್ತದೆಂದು ಹೆದರುವವರಿದ್ದಾರೆ. ಹಸಿ ಕಸ ಹಾಕಿದಾಗಲೆಲ್ಲ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಮೇಲೆ ಮುಚ್ಚಿ, ನೀರು ನಿಲ್ಲದಂತೆ ನೋಡಿಕೊಂಡರೆ ಆ ಭಯ ಬಹುಮಟ್ಟಿಗೆ ಇರದು. ಗುಂಡಿಯ ಪಕ್ಕದಲ್ಲೊಂದು ಬೋನು ಇಟ್ಟರಂತೂ ಅದಕ್ಕಿಂತ ಯೋಗ್ಯವಾದ ಜಾಗ ಬೋನಿಗೆ ಬೇರೊಂದಿಲ್ಲ.

ಬೋನು ಬೇಡವೆಂದು ಯಾರೂ ಹೇಳುವುದಿಲ್ಲ. ಮಳೆಗಾಲದ ಎರಡು ಮೂರು ತಿಂಗಳು ಅದು ಖಂಡಿತ ನೆರವಿಗೆ ಬರುತ್ತದೆ. ಆದರೆ ವಾರಕ್ಕೊಮ್ಮೆ ಬೋನು ಬರಿದು ಮಾಡುವಾಗ ಅದರಲ್ಲಿ ನೊಣ ಕಡಿಮೆಯಾಗಿದೆಯೇ, ಹೆಚ್ಚಾಗಿದೆಯೇ ಎಂದು ಮನೆಯವರು ಗಮನಿಸಬೇಕು. ಹೆಚ್ಚುತ್ತಲೇ ಇದ್ದರೆ ಇನ್ನೊಂದು ಬೋನು ಕೊಳ್ಳುವ ಮೊದಲು ಕಾಂಪೌಂಡಿನ ಸುತ್ತ ಒಮ್ಮೆ ನಡೆದು ಬರುವುದು ಮೇಲು. ಹುಳುಗಳಿರುವ ಜಾಗ ಬಹುತೇಕ ಅಲ್ಲೇ ಎಲ್ಲೋ ಸಿಗುತ್ತದೆ.